ಇನ್‌ಸ್ಟಾಲ್ ಆಯಿತು, ಬೂಟ್ ಆಗಲಿಲ್ಲ

ಮಡಿಕೇರಿಯಲ್ಲಿ ಮಳೆಗಾಲದ ಒಂದು ಭಾನುವಾರ, ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕುವ ಹುಚ್ಚಿದ್ದ ಮೂವತ್ತು ನಲವತ್ತು ಮಂದಿಯ ಮುಂದೆ, ಇನ್‌ಸ್ಟಾಲ್ ಮುಗಿದರೂ ಮೆಷಿನ್ನು ಯಾಕೆ ಎದ್ದೇಳುವುದಿಲ್ಲ (ಬೂಟ್ ಆಗುವುದಿಲ್ಲ) ಎಂಬ ಬಗ್ಗೆ ಆಡಿದ ಮಾತು ಇದು. ಬರೆಯುವಾಗ ಅಷ್ಟಿಷ್ಟು ತಿದ್ದಿದ್ದೇನೆ. ನಡುನಡುವೆ ಸಭಿಕರು ಕೇಳಿದ್ದನ್ನು ಇದ್ದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕರೆಂಟು ಹೋಗಿ ಮುಕ್ಕಾಲು ಗಂಟೆಯಾಯಿತು, ಪ್ರೊಜೆಕ್ಟರು ಸುಮ್ಮನೆ ಕೂತಿದೆ. ನನಗೇನೂ ಬೇಸರವಿಲ್ಲ. ನಾನು ತಂದಿರುವುದು ಚಿತ್ರಗಳನ್ನಲ್ಲ, ಈ ಬಿಸ್ಕತ್ತಿನ ಡಬ್ಬಿಯನ್ನು. ಇದರಲ್ಲಿ ಏಳು ಹಾರ್ಡ್ ಡಿಸ್ಕುಗಳಿವೆ. ನಾಲ್ಕು ಸತ್ತಿವೆ, ಎರಡು ಬದುಕಿವೆ, ಇನ್ನೊಂದು ಯಾವ ಪಕ್ಷ ಅಂತ ಅದೇ ಇನ್ನೂ ತೀರ್ಮಾನ ಮಾಡಿಲ್ಲ. ಮುಚ್ಚಳ ಬಿಚ್ಚಿರುವುದನ್ನು ಕೈಯಿಂದ ಕೈಗೆ ದಾಟಿಸಿ. ಅದು ಸತ್ತದ್ದು, ಮುಟ್ಟಿದರೂ ಪಾಪ ಬರುವುದಿಲ್ಲ.

ನಾನು ಸೋಮವಾರಪೇಟೆ ಕಡೆಯವನು. ರೇಡಿಯೋ, ಟಿವಿ ರಿಪೇರಿಯಿಂದ ಶುರುಮಾಡಿ ಕಂಪ್ಯೂಟರಿಗೆ ಬಂದೆ. ಕಾಲೇಜಿನಲ್ಲಿ ಕಲಿತದ್ದಲ್ಲ, ಗಿರಾಕಿಗಳ ಮೆಷಿನ್ನು ಹಾಳುಮಾಡಿ ಕಲಿತದ್ದು. ಹಾಗಾಗಿ ಇವತ್ತು ಹೇಳುವುದರಲ್ಲಿ ಅರ್ಧ ನನ್ನ ತಪ್ಪುಗಳ ಪಟ್ಟಿ.

ಎರಡು ವರ್ಷದ ಹಿಂದೆ ಒಬ್ಬರು ತೋಟದ ಯಜಮಾನರು ಜೀಪಿನಲ್ಲಿ ಒಂದು ಸಿಪಿಯು ಹೇರಿಕೊಂಡು ಬಂದರು. ಪೆಂಟಿಯಂ 2, 128 ಎಂಬಿ ರ‍್ಯಾಮು, ಒಳಗೆ 4.3 ಜಿಬಿಯ ಡಿಸ್ಕು. ಹದಿನೈದು ವರ್ಷ ಒಳ್ಳೆಮೆಣಸಿನ ಮೂಟೆಗಳ ಪಕ್ಕ ಕೂತಿತ್ತಂತೆ. ಕ್ಯಾಬಿನೆಟ್ಟು ಬಿಚ್ಚಿದಾಗ ನಾಲ್ಕು ಮೆಣಸಿನ ಕಾಳು ಉದುರಿದವು, ಸುಳ್ಳಲ್ಲ. ಅದರೊಳಗೆ ಅವರ ತಂದೆಯ ಕಾಲದ ಮಳೆ ಲೆಕ್ಕ ಇತ್ತು. ತೋಟದವರಿಗೆ ಹೇಳಬೇಕಿಲ್ಲ: ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ ಅಂತ ಪುಸ್ತಕದಲ್ಲಿ ಬರೆಯುವ ಪದ್ಧತಿ. ಪುಸ್ತಕಗಳು ಗೆದ್ದಲಿಗೆ ಹೋಗುವ ಮುಂಚೆ ತೋಟದ ರೈಟರ್ (ಗುಮಾಸ್ತ) ಒಬ್ಬರು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದರು. ಪುಸ್ತಕ ಹೋಯಿತು, ರೈಟರ್ ಹೋದರು, ಈ ಡಬ್ಬ ಉಳಿಯಿತು.

‘ಇದನ್ನ ಓಡೋ ಹಾಗೆ ಮಾಡ್ಕೊಡಪ್ಪ. ವಿಂಡೋಸ್ ಬೇಡ, ವೈರಸ್ಸು ಬಂದು ಬಂದು ಸಾಕಾಗಿದೆ. ಲಿನಕ್ಸ್ ಅಂತ ಏನೋ ಉಂಟಂತಲ್ಲ, ಮೊಮ್ಮಗ ಹೇಳ್ದ’ ಎಂದರು. ‘ಅರ್ಧ ದಿನದ ಕೆಲಸ ಸಾರ್’ ಎಂದೆ. ಹತ್ತೊಂಬತ್ತು ದಿನ ಹಿಡಿಯಿತು.

ಮೊದಲ ತಪ್ಪನ್ನು ಮಾತ್ರ ನಾನು ಮಾಡಲಿಲ್ಲ, ಯಾಕೆಂದರೆ ಅದನ್ನು ಬೇರೊಬ್ಬರ ಡಿಸ್ಕಿನ ಮೇಲೆ ಮೊದಲೇ ಮಾಡಿ ಮುಗಿಸಿದ್ದೆ. ಏನದು? ಮನೆಗೆ ತಂದ ಕೂಡಲೇ ಸ್ವಿಚ್ಚು ಒತ್ತುವುದು. ನಮ್ಮ ಕಕ್ಕಡ ತಿಂಗಳ ಮಳೆಯ ಹವೆ ನಿಮಗೆ ಗೊತ್ತಲ್ಲ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಾರ್ಡ್ ಡಿಸ್ಕು ಗಾಳಿ ಹೋಗದ ಹಾಗೆ ಮುಚ್ಚಿದ ಡಬ್ಬಿ ಅಂತ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಈ ಮುಚ್ಚಳದ ಮೇಲೆ ಸೂಜಿತಲೆಯಷ್ಟು ತೂತು ಇದೆ ನೋಡಿ, ಪಕ್ಕದಲ್ಲಿ ‘ಇದನ್ನು ಮುಚ್ಚಬೇಡಿ’ ಅಂತ ಬರೆದಿರುತ್ತಾರೆ. ಒಳಗಿನ, ಹೊರಗಿನ ಗಾಳಿಯ ಒತ್ತಡ ಸಮವಾಗಿರಲಿ ಅಂತ ಇಟ್ಟ ಉಸಿರಾಟದ ದಾರಿ ಅದು. ಒಳಗೆ ಒಂದು ಫಿಲ್ಟರ್ ಇರುತ್ತದೆ, ಅದು ಧೂಳು ತಡೆಯುತ್ತದೆ, ತೇವವನ್ನು ಪೂರ್ತಿ ತಡೆಯುವುದಿಲ್ಲ. ತಣ್ಣಗಿನ ಗೋದಾಮಿನಿಂದ ಬೆಚ್ಚಗಿನ ಕೋಣೆಗೆ ತಂದರೆ ಲೋಹದ ಮೇಲೆ ಪಸೆ ಕೂರುತ್ತದೆ. ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ, ಓದುವ ಹೆಡ್ಡು ಅದರ ಮೇಲೆ ತೇಲುತ್ತಿರುತ್ತದೆ. 2000ದ ನಂತರದ ಡಿಸ್ಕುಗಳಲ್ಲಿ ನಡುವಿನ ಅಂತರ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಅಲ್ಲಿ ಒಂದು ಹನಿ ನೀರಿನ ಲಕ್ಷಾಂಶ ಇದ್ದರೂ ಅದು ಕೆರೆಯೇ. ಹಾಗಾಗಿ ನಾನು ಆ ಡಿಸ್ಕನ್ನು ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಹಾಕಿ ಮೂರು ದಿನ ಇಟ್ಟೆ. ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ. ಒಬ್ಬರು ಇಟ್ಟಿದ್ದರು. ಒಣಗಿತ್ತು ನಿಜ, ಒಣಮೀನಿನ ವಾಸನೆಯೂ ಬರುತ್ತಿತ್ತು.

ಮೂರು ದಿನ ಆದ ಮೇಲೂ ಇನ್‌ಸ್ಟಾಲ್ ಮಾತೇ ಇಲ್ಲ. ಮೊದಲು ನಕಲು. ನನ್ನ ಕೆಲಸದ ಮೆಷಿನ್ನಿಗೆ ಐಡಿಇ-ಯುಎಸ್‌ಬಿ ಕನ್ವರ್ಟರ್ ಮೂಲಕ ಸಿಕ್ಕಿಸಿ (ಐಡಿಇ ಅಂದರೆ ಹಳೆಯ ಡಿಸ್ಕುಗಳ ಅಗಲ ಕೇಬಲ್ಲಿನ ಜೋಡಣೆ) ಡಿಡಿರೆಸ್ಕ್ಯೂ ಎಂಬ ನಕಲು ಮಾಡುವ ಪ್ರೋಗ್ರಾಮ್ ಓಡಿಸಿದೆ. ಬರೀ ಡಿಡಿ ಎಂಬ ನಕಲು ಆಜ್ಞೆ ಬೇಡ. ಅದು ಒಂದು ಕೆಟ್ಟ ಸೆಕ್ಟರ್ (ಡಿಸ್ಕಿನ 512 ಬೈಟಿನ ತುಂಡು) ಸಿಕ್ಕರೆ ಅಲ್ಲೇ ಕೆಲಸ ನಿಲ್ಲಿಸುತ್ತದೆ. ಡಿಡಿರೆಸ್ಕ್ಯೂ ಬುದ್ಧಿವಂತ. ಕಾಫಿ ಕುಯ್ಯುವವರು ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಗುವ ಹಣ್ಣನ್ನೆಲ್ಲ ಕುಯ್ದು, ಉಳಿದ ಕೊಂಬೆಗೆ ಆಮೇಲೆ ಬರುತ್ತಾರಲ್ಲ, ಹಾಗೆ. ಸುಲಭಕ್ಕೆ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ತಂಟೆ ಮಾಡುವ ಜಾಗವನ್ನು ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ, ಕೊನೆಗೆ ತಿರುಗಿ ಬರುತ್ತದೆ. ನಡುವೆ ಕರೆಂಟು ಹೋದರೂ ಮ್ಯಾಪ್ ಫೈಲ್ ಇರುವುದರಿಂದ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಈ ಜಿಲ್ಲೆಯಲ್ಲಿ ಕೆಲಸ ಮಾಡುವವನಿಗೆ ಇದೊಂದೇ ಗುಣ ಸಾಕು. ಎಲ್ಲ ಸುತ್ತು ಮುಗಿದಾಗ ಓದಲಾಗದೆ ಉಳಿದದ್ದು 11 ಸೆಕ್ಟರು, ಅಂದರೆ 5,632 ಬೈಟು. ಅದರೊಳಗೆ ಏನಿತ್ತು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಒಬ್ಬರು ಕೇಳುತ್ತಿದ್ದಾರೆ, ಡಿಸ್ಕು ಚೆನ್ನಾಗಿದೆಯೋ ಇಲ್ಲವೋ ಮೊದಲೇ ತಿಳಿಯುವುದು ಹೇಗೆ ಅಂತ. ಕಿವಿಯಿಂದ. ಹತ್ತಿರ ಕಿವಿ ಇಡಿ. ತಿರುಗಲು ಶುರುವಾಗಿ, ಒಂದೇ ಸಮ ಗುಂಯ್ ಅಂದರೆ ಸರಿ. ಲೆಕ್ಕ ಹಾಕಿದ ಹಾಗೆ ಟಿಕ್, ಟಿಕ್, ಟಿಕ್ ಅಂತ ಒಂದೇ ತಾಳದಲ್ಲಿ ಬಡಿದರೆ ಹೆಡ್ಡಿಗೆ ದಾರಿ ಸಿಗುತ್ತಿಲ್ಲ ಅಂತ ಅರ್ಥ. ಆಗ ಕೂಡಲೇ ಆಫ್ ಮಾಡಿ. ಇನ್ನೊಂದು ಸಲ, ಇನ್ನೊಂದೇ ಸಲ ಅಂತ ಆನ್ ಮಾಡಿದಷ್ಟೂ ತಟ್ಟೆ ಕೆರೆಯುತ್ತದೆ. ಶಬ್ದ ಸರಿಯಿದ್ದರೆ ಆಮೇಲೆ ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆ ಓಡಿಸಿ, ಅದು ಡಿಸ್ಕಿನ ಸ್ಮಾರ್ಟ್ ಪಟ್ಟಿ ತೋರಿಸುತ್ತದೆ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದರಲ್ಲಿನ ‘ಪಾಸ್ಡ್’ ಎಂಬ ಮಾತನ್ನು ನಂಬಬೇಡಿ, ಸಾಯುವ ಹಿಂದಿನ ದಿನವೂ ಪಾಸ್ಡ್ ಅಂದ ಡಿಸ್ಕುಗಳನ್ನು ನೋಡಿದ್ದೇನೆ. ಸಾಲು 5, 197, 198, 199 ಇವಿಷ್ಟನ್ನು ನೋಡಿ. 5 ಎಂದರೆ ಈಗಾಗಲೇ ಕೆಟ್ಟು, ಬದಲಿ ಜಾಗಕ್ಕೆ ಎತ್ತಂಗಡಿಯಾದ ಸೆಕ್ಟರುಗಳು. 197 ಎಂದರೆ ಓದಲು ತಕರಾರು ಮಾಡಿ ತೀರ್ಮಾನಕ್ಕೆ ಕಾಯುತ್ತಿರುವವು. ಈ 197ರದ್ದು ಒಂದು ವಿಚಿತ್ರ: ಆ ಸೆಕ್ಟರಿನ ಮೇಲೆ ಹೊಸದಾಗಿ ಏನಾದರೂ ಬರೆದಾಗಲೇ ಡಿಸ್ಕು ‘ಇದು ಪರವಾಗಿಲ್ಲ’ ಅಥವಾ ‘ಇದು ಬೇಡ, ಬದಲಿ ಕೊಡು’ ಅಂತ ನಿರ್ಧರಿಸುತ್ತದೆ. ನಕಲು ಆದ ಮೇಲೆ ಇಡೀ ಡಿಸ್ಕಿಗೆ ಒಮ್ಮೆ ಸೊನ್ನೆ ಬರೆದು ಮತ್ತೆ ನೋಡಿ. 197 ಸೊನ್ನೆಗೆ ಇಳಿದು, 5 ಒಂದೆರಡು ಏರಿ ಅಲ್ಲೇ ನಿಂತರೆ ಇನ್‌ಸ್ಟಾಲ್ ಮಾಡಬಹುದು. ವಾರದಿಂದ ವಾರಕ್ಕೆ ಏರುತ್ತಾ ಹೋದರೆ ಅದಕ್ಕೆ ಈ ಬಿಸ್ಕತ್ತಿನ ಡಬ್ಬಿಯೇ ಜಾಗ. ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ಓಡಿಸುವವರು ಒಂದು ನೆನಪಿಡಿ: ಬರೆದು ನೋಡುವ ಪರೀಕ್ಷೆಯಲ್ಲಿ ನಾಲ್ಕು ಮಾದರಿಗಳನ್ನು ಬರೆಯುತ್ತದೆ, ಪ್ರತಿಯೊಂದನ್ನೂ ಓದಿ ತಾಳೆ ನೋಡುತ್ತದೆ. ಒಟ್ಟು ಎಂಟು ಸುತ್ತು. ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಸಮಯವೂ ಹೋಗುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ.

ಇನ್ನು 199. ಇದು ನನ್ನನ್ನು ಹೆಚ್ಚು ಗೋಳುಹೊಯ್ದುಕೊಂಡ ಸಂಖ್ಯೆ.

ಯಜಮಾನರ ಮೂಲ ಡಿಸ್ಕನ್ನು ಹಾಗೇ ಎತ್ತಿಟ್ಟು, ನನ್ನ ಹತ್ತಿರವಿದ್ದ 20 ಜಿಬಿಯ ಡಿಸ್ಕನ್ನು ಆ ಮೆಷಿನ್ನಿಗೆ ಹಾಕಿ ಡೆಬಿಯನ್ ಎಂಬ ಲಿನಕ್ಸಿನ ಒಂದು ಹಳೇ ಆವೃತ್ತಿಯ ಸಿಡಿಯಿಂದ ಇನ್‌ಸ್ಟಾಲ್ ಶುರುಮಾಡಿದೆ. ಆ ಮೆಷಿನ್ನು ಇಂಟರ್ನೆಟ್ ಕಡೆಗೆ ತಲೆ ಹಾಕುವುದಿಲ್ಲ, ಹಾಗಾಗಿ ಹಳತಾದರೂ ನಡೆಯುತ್ತದೆ ಅಂತ. ಪ್ಯಾಕೇಜುಗಳನ್ನು ನಕಲು ಮಾಡುತ್ತಾ ಮಾಡುತ್ತಾ ಒಂದು ಕಡೆ ನಿಂತುಬಿಟ್ಟಿತು. ಮತ್ತೆ ಶುರುಮಾಡಿದೆ, ಇನ್ನೊಂದು ಕಡೆ ನಿಂತಿತು. ನಾನು ಸಿಡಿ ಉಜ್ಜಿದೆ. ಬೇರೆ ಸಿಡಿ ಬರೆದೆ. ಬೇರೆ ಡಿಸ್ಕು ಹಾಕಿದೆ. ಮೂರು ದಿನ ಹೀಗೇ. ನಾಲ್ಕನೇ ದಿನ ನನ್ನ ಮಗಳು ಬಂದು, ‘ಅಪ್ಪಾ, ಆ ನೀಲಿ ಪರದೆ ಹಿಂದೆ ಏನಾಗ್ತಿದೆ ಅಂತ ನೋಡಿದ್ಯಾ?’ ಅಂದಳು. ನೋಡಿರಲಿಲ್ಲ. ಡೆಬಿಯನ್ ಇನ್‌ಸ್ಟಾಲರಿನಲ್ಲಿ ಆಲ್ಟ್ ಜೊತೆ ಎಫ್4 ಒತ್ತಿದರೆ ಲಾಗ್ ಕಾಣುತ್ತದೆ, ಎಫ್2 ಒತ್ತಿದರೆ ಆಜ್ಞೆ ಕೊಡಲು ಶೆಲ್ ಸಿಗುತ್ತದೆ. ಚಿತ್ರದ ಇನ್‌ಸ್ಟಾಲರ್ ಆದರೆ ಕಂಟ್ರೋಲನ್ನೂ ಸೇರಿಸಿ ಒತ್ತಬೇಕು. ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟವನು ನಾನೇ.

ಲಾಗಿನಲ್ಲಿ ಸಾಲುಸಾಲು ದೋಷ. ಇಲ್ಲಿ ಒಂದು ವಿಷಯ ದಯವಿಟ್ಟು ಬರೆದುಕೊಳ್ಳಿ. ದೋಷದ ಸಾಲಿನಲ್ಲಿ ‘ಯುಎನ್‌ಸಿ’ ಅಥವಾ ‘ಅನ್‌ಕರೆಕ್ಟಬಲ್’ ಅಂತ ಇದ್ದರೆ ತಟ್ಟೆಯ ಮೇಲೆ ಬರೆದದ್ದನ್ನು ಓದಲಾಗುತ್ತಿಲ್ಲ, ರೋಗ ಡಿಸ್ಕಿನದು. ‘ಐಸಿಆರ್‌ಸಿ’ ಅಥವಾ ‘ಬ್ಯಾಡ್ ಸಿಆರ್‌ಸಿ’ ಅಂತ ಇದ್ದರೆ ಡಿಸ್ಕು ಸರಿಯಾಗಿಯೇ ಹೇಳಿದೆ, ದಾರಿಯಲ್ಲಿ ಮಾತು ಕೆಟ್ಟಿದೆ. ರೋಗ ಕೇಬಲ್ಲಿನದು, ಕನೆಕ್ಟರಿನದು, ಕೆಲವೊಮ್ಮೆ ಪವರ್ ಸಪ್ಲೈಯದು. ಸ್ಮಾರ್ಟ್ ಪಟ್ಟಿಯಲ್ಲಿ ಇದೇ 199. ನನ್ನದು ಕೇಬಲ್ಲು. ಐಡಿಇಯಲ್ಲಿ ಪಿನ್ನು ಎಲ್ಲದಕ್ಕೂ 40, ಆದರೆ ತಂತಿ ಕೆಲವದಕ್ಕೆ 40, ಕೆಲವದಕ್ಕೆ 80. ಹೆಚ್ಚಿನ 40 ತಂತಿಗಳು ಬರೀ ಭೂಸಂಪರ್ಕದವು, ಪಕ್ಕದ ತಂತಿಯ ಸದ್ದು ಈ ತಂತಿಗೆ ಕೇಳಿಸದಂತೆ ನಡುವೆ ಹಾಕಿದ ಬೇಲಿ. ಸೆಕೆಂಡಿಗೆ 33 ಎಂಬಿಗಿಂತ ವೇಗದ ರವಾನೆಗೆ (ಯುಡಿಎಂಎ) 80 ತಂತಿಯದೇ ಬೇಕು. ಅದರ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ಮಾಸ್ಟರಿಗೆ ಅಂದರೆ ಮೊದಲ ಡಿಸ್ಕಿಗೆ, ನಡುವಿನ ಬೂದು ಬಣ್ಣದ್ದು ಸ್ಲೇವಿಗೆ ಅಂದರೆ ಎರಡನೆಯದಕ್ಕೆ. ನನ್ನ ಕೇಬಲ್ಲು ಎಲ್ಲಾ ಸರಿಯಾಗಿಯೇ ಇತ್ತು, ಕನೆಕ್ಟರಿನ ಪಿನ್ನುಗಳಿಗೆ ಮಾತ್ರ ಹಸಿರು ಕಿಲುಬು ಹಿಡಿದಿತ್ತು. ಹದಿನೈದು ಮಳೆಗಾಲ, ಸುಮ್ಮನೆ ಬಿಡುತ್ತದೆಯೇ. ಕೇಬಲ್ ಬದಲಾಯಿಸಿದೆ, ರ‍್ಯಾಮಿನ ಬಂಗಾರದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿದೆ, ಇನ್‌ಸ್ಟಾಲ್ ನಲವತ್ತು ನಿಮಿಷದಲ್ಲಿ ಮುಗಿಯಿತು. ನಡುವೆ ಎಷ್ಟು ವರ್ಷ, ಎಷ್ಟು ಒಳ್ಳೆಯ ಡಿಸ್ಕುಗಳನ್ನು ‘ಸತ್ತಿದೆ’ ಅಂತ ಗುಜರಿಗೆ ಹಾಕಿದ್ದೆನೋ.

ಮುಗಿಯಿತು ಅಂದೆನಲ್ಲ. ಸಿಡಿ ಹೊರಗೆ ಬಂತು, ರೀಬೂಟ್ ಮಾಡಿ ಅಂದಿತು, ಮಾಡಿದೆ. ಕಪ್ಪು ಪರದೆ. ಗ್ರಬ್, ಎರರ್ 18. ಗ್ರಬ್ ಅಂದರೆ ಮೆಷಿನ್ನು ಆನ್ ಆದಾಗ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್.

ಈಗ ನಾನು ಇವತ್ತು ಬಂದದ್ದು ಯಾವ ಮಾತಿಗೋ ಆ ಮಾತಿಗೆ ಬಂದೆ. ಹಳೆಯ ಡಿಸ್ಕಿಗೆ ಲಿನಕ್ಸೋ ಅದರಂಥದ್ದೇ ಬಿಎಸ್‌ಡಿಯೋ ಹಾಕಿ ಸೋತವರಲ್ಲಿ ಹತ್ತಕ್ಕೆ ಆರು ಮಂದಿಯ ದೂರು ಇದೇ: ಇನ್‌ಸ್ಟಾಲ್ ಆಯಿತು, ಬೂಟ್ ಆಗಲಿಲ್ಲ. ಆರು ಅಂದದ್ದು ನನ್ನ ಅಂಗಡಿಯ ಅಂದಾಜು, ಯಾರ ಸಮೀಕ್ಷೆಯೂ ಅಲ್ಲ. ಅವರು ಕೂಡಲೇ ಮಾಡುವುದೇನು? ಮತ್ತೆ ಇನ್‌ಸ್ಟಾಲ್. ಮತ್ತೆ ಅದೇ ಫಲ. ಯಾಕೆಂದರೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕಿನ ಹತ್ತಿರ ಮಾತಾಡಿದವನು ಒಬ್ಬ, ಬೂಟ್ ಮಾಡುವಾಗ ಮಾತಾಡುವವನು ಇನ್ನೊಬ್ಬ. ಇಬ್ಬರ ಲೆಕ್ಕ ಬೇರೆ.

ಮೊದಲು ಈ ಲೆಕ್ಕ ಏನು ನೋಡೋಣ. ಹಿಂದೆ ನಮ್ಮ ಕೊಡಗಿನಲ್ಲಿ ಯಾರಾದರೂ ಹೊಸಬರು ಸಿಕ್ಕರೆ ಯಾವ ನಾಡು, ಯಾವ ಊರು, ಯಾವ ಮನೆತನ ಅಂತ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ಮೂರೂ ಸಿಕ್ಕರೆ ಆಳು ಪತ್ತೆ. ಹಳೆಯ ಡಿಸ್ಕಿನ ವಿಳಾಸವೂ ಹೀಗೇ ಮೂರು ತುಂಡು: ಯಾವ ಸಿಲಿಂಡರು (ತಟ್ಟೆಯ ಮೇಲಿನ ಯಾವ ಸುತ್ತು), ಯಾವ ಹೆಡ್ಡು, ಯಾವ ಸೆಕ್ಟರು. ಒಂದು ಸೆಕ್ಟರಿಗೆ 512 ಬೈಟು. ತೊಂದರೆ ಏನಾಯಿತೆಂದರೆ ಈ ವಿಳಾಸ ತುಂಬುವ ಅರ್ಜಿ ಫಾರಂ ಎರಡಿದ್ದವು. ಬಯಾಸ್‌ನ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಫಾರಮ್ಮಿನಲ್ಲಿ ಸಿಲಿಂಡರಿಗೆ 10 ಬಿಟ್, ಹೆಡ್ಡಿಗೆ 8, ಸೆಕ್ಟರಿಗೆ 6. ಡಿಸ್ಕಿನ ಫಾರಮ್ಮಿನಲ್ಲಿ ಸಿಲಿಂಡರಿಗೆ 16, ಹೆಡ್ಡಿಗೆ 4, ಸೆಕ್ಟರಿಗೆ 8. ಎರಡೂ ಕಚೇರಿ ಒಪ್ಪಬೇಕಾದರೆ ಪ್ರತಿ ಕಲಮಿನಲ್ಲೂ ಯಾವುದು ಚಿಕ್ಕದೋ ಅಷ್ಟೇ. 1024 ಸಿಲಿಂಡರು, 16 ಹೆಡ್ಡು, 63 ಸೆಕ್ಟರು. ಸೆಕ್ಟರನ್ನು ಮಾತ್ರ ಒಂದರಿಂದ ಎಣಿಸುತ್ತಾರೆ, ಹಾಗಾಗಿ 64 ಅಲ್ಲ 63. ಗುಣಿಸಿ, 512ರಿಂದಲೂ ಗುಣಿಸಿ: 528 ಎಂಬಿ ಚಿಲ್ಲರೆ. ಅದರಾಚೆ ಡಿಸ್ಕು ಎಷ್ಟೇ ದೊಡ್ಡದಿರಲಿ ಬಯಾಸ್ ಪಾಲಿಗೆ ಕಾಡು.

ಇದಕ್ಕೆ ಒಂದು ಉಪಾಯ ಹೂಡಿದರು. ಹೆಡ್ಡು ಹೆಚ್ಚು ಇವೆ ಅಂತ ಬಯಾಸ್ ಸುಳ್ಳು ಹೇಳುವುದು, ಒಳಗೆ ಲೆಕ್ಕ ತಿರುಗಿಸಿ ಡಿಸ್ಕಿಗೆ ಕೊಡುವುದು. ತಟ್ಟೆ ಎರಡೇ ಇದ್ದರೂ 255 ಹೆಡ್ಡು ಅಂತ ಕಾಗದದಲ್ಲಿ ಬರೆಯುವುದು. ಆರ್‌ಟಿಸಿಯಲ್ಲಿ ಒಂದು ವಿಸ್ತೀರ್ಣ, ಸರ್ವೆ ಸ್ಕೆಚ್ಚಿನಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಇರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆಗ ಮಿತಿ 8.4 ಜಿಬಿಗೆ ಏರಿತು. ಯಜಮಾನರ ಮೆಷಿನ್ನು ಈ ಕಾಲದ್ದು. ಆಮೇಲೆ ಈ ಮೂರು ತುಂಡಿನ ವಿಳಾಸವನ್ನೇ ಬಿಟ್ಟು, ಮೊದಲಿಂದ ಕೊನೆಯವರೆಗೆ ಒಂದೇ ಸರಣಿ ನಂಬರು ಕೊಡುವ ಎಲ್‌ಬಿಎ ಬಂತು. ಅದರಲ್ಲೂ ಗೋಡೆಗಳಿವೆ. ಕೆಲವು ಬಯಾಸ್‌ಗಳು 33.8 ಜಿಬಿ ದಾಟಿದ ಡಿಸ್ಕು ಕಂಡರೆ ಸ್ಟಾರ್ಟ್ ಆಗುವಾಗಲೇ ಹ್ಯಾಂಗ್ ಆಗುತ್ತವೆ. ಕಾಲೇಜೊಂದರ ಲ್ಯಾಬಿನ ಮೆಷಿನ್ನಿಗೆ 40 ಜಿಬಿ ಹಾಕಿದಾಗ ನನಗೇ ಆಗಿದೆ. ಡಿಸ್ಕೇ ಸುಟ್ಟುಹೋಯಿತು ಅಂದುಕೊಂಡೆ. ಆ ಕಾಲದ ಹಲವು ಡಿಸ್ಕುಗಳಲ್ಲಿ ‘ನಾನು 32 ಜಿಬಿ ಮಾತ್ರ’ ಅಂತ ಹೇಳಿಸುವ ಜಂಪರ್ ಇರುತ್ತದೆ, ಮೇಲಿನ ಲೇಬಲ್ಲಿನಲ್ಲೇ ಚಿತ್ರ ಇರುತ್ತದೆ. ಹಾಕಿದೆ, ಎದ್ದಿತು. ಮುಂದಿನ ಗೋಡೆ 28 ಬಿಟ್ಟಿನ ಎಲ್‌ಬಿಎಯದು, 137 ಜಿಬಿ. ಅದರ ಮುಂದೆ ಹಳೆಯ ಎಂಬಿಆರ್ ಪಾರ್ಟಿಷನ್ ಪಟ್ಟಿಯದು (ಡಿಸ್ಕಿನ ಪಾಲುಗಳನ್ನು ಮೊದಲ ಸೆಕ್ಟರಿನಲ್ಲಿ ಬರೆದಿಡುವ ಪಟ್ಟಿ), 2.2 ಟಿಬಿ. ನಿಮ್ಮ ಹತ್ತಿರ ಡಿಸ್ಕು ಇದ್ದಕ್ಕಿದ್ದಂತೆ ಇವುಗಳಲ್ಲಿ ಯಾವುದಾದರೂ ಒಂದು ಅಳತೆ ತೋರಿಸಿದರೆ ಡಿಸ್ಕನ್ನು ಬೈಯಬೇಡಿ, ಯಾವ ಗೋಡೆ ಅಂತ ಅಳತೆಯೇ ಹೇಳುತ್ತಿದೆ.

ಈಗ ಎರರ್ 18ಕ್ಕೆ ಬನ್ನಿ. ಇನ್‌ಸ್ಟಾಲರ್ ಅಂದರೆ ಸಿಡಿಯಿಂದ ಎದ್ದ ಒಂದು ಪೂರ್ತಿ ಲಿನಕ್ಸ್. ಲಿನಕ್ಸ್ ಕರ್ನಲ್, ಅಂದರೆ ಅದರ ತಿರುಳು, ಒಮ್ಮೆ ಎದ್ದ ಮೇಲೆ ಡಿಸ್ಕಿನ ವಿಷಯಕ್ಕೆ ಬಯಾಸ್ ಹತ್ತಿರ ಹೋಗುವುದಿಲ್ಲ, ತನ್ನದೇ ಡ್ರೈವರ್ ಇಟ್ಟುಕೊಂಡು ಡಿಸ್ಕಿನ ಜೊತೆ ನೇರ ಮಾತು. ಅದಕ್ಕೆ 20 ಜಿಬಿಯೂ ಕಾಣುತ್ತದೆ, ಖುಷಿಯಿಂದ ಎಲ್ಲೆಂದರಲ್ಲಿ ಫೈಲು ಇಡುತ್ತದೆ. ಆದರೆ ಮೆಷಿನ್ನು ಹೊಸದಾಗಿ ಆನ್ ಆದಾಗ ಕರ್ನಲ್ ಎಲ್ಲಿದೆ? ಡಿಸ್ಕಿನೊಳಗೆ ಮಲಗಿದೆ. ಅದನ್ನು ಎಬ್ಬಿಸುವವನು ಬೂಟ್‌ಲೋಡರ್, ಅವನಿಗೆ ಕಣ್ಣು ಬಯಾಸ್‌ನದು. ಮೊದಲ ಸೆಕ್ಟರಿನ 512 ಬೈಟಿನಲ್ಲಿ 446 ಬೈಟು ಮಾತ್ರ ಕೋಡಿಗೆ, ಉಳಿದದ್ದರಲ್ಲಿ 64 ಬೈಟು ಪಾರ್ಟಿಷನ್ ಪಟ್ಟಿ, ಕೊನೆಯ ಎರಡು ಬೈಟು ಮುದ್ರೆ. ಅಷ್ಟು ಇಕ್ಕಟ್ಟಿನಲ್ಲಿ ಸ್ವಂತ ಡ್ರೈವರ್ ಎಲ್ಲಿಂದ ಬರಬೇಕು? ಕರ್ನಲ್ ಫೈಲು 8.4 ಜಿಬಿಯ ಆಚೆ ಬಿದ್ದಿದ್ದರೆ ಅವನ ಕಣ್ಣಿಗೆ ಅದು ಇಲ್ಲವೇ ಇಲ್ಲ. ‘ನೀವು ಹೇಳಿದ ಸಿಲಿಂಡರು ಬಯಾಸ್‌ಗೆ ನಿಲುಕುವುದಿಲ್ಲ’ ಎನ್ನುವುದೇ ಎರರ್ 18. ಗ್ರಬ್‌ಗಿಂತ ಹಿಂದಿನ ಲಿಲೋ ಇನ್ನೂ ಮಿತಭಾಷಿ. ತನ್ನ ಹೆಸರಿನ ನಾಲ್ಕು ಅಕ್ಷರವನ್ನು ಕೆಲಸ ಮುಗಿದಂತೆ ಒಂದೊಂದಾಗಿ ಬರೆಯುತ್ತಾನೆ. ‘ಎಲ್‌ಐ’ ಅಂತ ಬರೆದು ನಿಂತರೆ ಎರಡನೇ ಹಂತವನ್ನು ತಂದ, ಓಡಿಸಲಾಗಲಿಲ್ಲ ಅಂತ. ಹೆಚ್ಚಿನ ಪಾಲು ಇನ್‌ಸ್ಟಾಲ್ ಮಾಡಿದಾಗಿನ ಡಿಸ್ಕಿನ ಲೆಕ್ಕಕ್ಕೂ ಈಗ ಬಯಾಸ್ ಹೇಳುವ ಲೆಕ್ಕಕ್ಕೂ ತಾಳೆಯಾಗಿಲ್ಲ.

ಇದಕ್ಕಿಂತ ತಮಾಷೆಯ ರೂಪ ಒಂದಿದೆ. ಮೂರು ತಿಂಗಳು ಚೆನ್ನಾಗಿಯೇ ಬೂಟ್ ಆಗುತ್ತಿತ್ತು, ಅಪ್‌ಡೇಟ್ ಮಾಡಿದ ಮೇಲೆ ಹೋಯಿತು ಅಂತ ಬರುತ್ತಾರೆ. ಅಪ್‌ಡೇಟನ್ನು ಬೈಯುತ್ತಾರೆ. ಮೊದಲ ಕರ್ನಲ್ ಫೈಲು ಅದೃಷ್ಟಕ್ಕೆ ಡಿಸ್ಕಿನ ಮುಂಭಾಗದಲ್ಲಿ ಬಿದ್ದಿತ್ತು, ಹೊಸ ಕರ್ನಲ್ ಬಂದಾಗ ಮುಂದೆ ಜಾಗವಿಲ್ಲದೆ ಗೋಡೆಯಾಚೆ ಬಿತ್ತು, ಅಷ್ಟೇ. ಎರಡಕ್ಕೂ ಮದ್ದು ಒಂದೇ. ಪಾರ್ಟಿಷನ್ ಮಾಡುವಾಗ ಡಿಸ್ಕಿನ ಎಲ್ಲಕ್ಕಿಂತ ಮುಂದೆ ನೂರಿನ್ನೂರು ಎಂಬಿಯ ಒಂದು ಪಾರ್ಟಿಷನ್ನನ್ನು ಬೂಟ್‌ಗೆ ಅಂತ ಬೇರೆ ಇಡಿ. ಕರ್ನಲ್ ಯಾವಾಗಲೂ ಅದರೊಳಗೇ ಇರುತ್ತದೆ, ಬಯಾಸ್‌ಗೆ ಯಾವಾಗಲೂ ಕಾಣುತ್ತದೆ. ಉಳಿದ ಡಿಸ್ಕು ಎಷ್ಟು ದೊಡ್ಡದಿದ್ದರೂ ಚಿಂತೆಯಿಲ್ಲ, ಕರ್ನಲ್ ಎದ್ದ ಮೇಲೆ ಅದರದ್ದೇ ಕಾರುಬಾರು. ಯಜಮಾನರ ಮೆಷಿನ್ನು ಹಾಗೇ ಎದ್ದಿತು, ಹದಿಮೂರನೇ ದಿನ.

ಹದಿನಾಲ್ಕನೇ ದಿನ ಮತ್ತೆ ಏಳಲಿಲ್ಲ. ನಗಬೇಡಿ. ರಾತ್ರಿ ಪ್ಲಗ್ ತೆಗೆದಿದ್ದೆ, ಗುಡುಗು ಸಿಡಿಲು ಅಂತ. ಬೆಳಿಗ್ಗೆ ಬಯಾಸ್‌ನಲ್ಲಿ ತಾರೀಖು ನೋಡಿದರೆ ಹುಟ್ಟಿದ ವರ್ಷಕ್ಕೆ ಹೋಗಿ ಕೂತಿದೆ. ಬೋರ್ಡಿನ ಮೇಲಿನ ಸಿಆರ್ 2032 ಬ್ಯಾಟರಿ ಖಾಲಿ. ತಾರೀಖು ಹೋದರೆ ಹೋಗಲಿ, ಜೊತೆಗೆ ಡಿಸ್ಕಿನ ಲೆಕ್ಕ ತಿರುಗಿಸುವ ಸೆಟ್ಟಿಂಗೂ ಎಲ್‌ಬಿಎಯಿಂದ ನಾರ್ಮಲ್‌ಗೆ ಬಿದ್ದಿತ್ತು. ಬೀದಿಯ ಅಂಗಡಿಯಲ್ಲಿ ಸಿಗುವ ಬಿಲ್ಲೆ ಬ್ಯಾಟರಿ ಹಾಕಿ ಸೆಟ್ಟಿಂಗ್ ಸರಿಮಾಡಿದೆ. ಸ್ವಲ್ಪ ಈಚಿನ ಸಾಟಾ (ಐಡಿಇಯ ನಂತರ ಬಂದ ಜೋಡಣೆ) ಮೆಷಿನ್ನುಗಳಲ್ಲಿ ಇದೇ ಬ್ಯಾಟರಿ ಹೋದಾಗ ಡಿಸ್ಕಿನ ಸೆಟ್ಟಿಂಗು ಎಎಚ್‌ಸಿಐ ಇದ್ದದ್ದು ಐಡಿಇ ಆಗುವುದುಂಟು, ಅಥವಾ ಉಲ್ಟಾ. ನೆಟ್ ಮೂಲಕ ಇನ್‌ಸ್ಟಾಲ್ ಮಾಡುವವರಿಗೆ ತಪ್ಪು ತಾರೀಖು ಇನ್ನೊಂದು ಆಟ ಆಡಿಸುತ್ತದೆ: ‘ರಿಲೀಸ್ ಫೈಲ್ ಇನ್ನೂ ಊರ್ಜಿತವಾಗಿಲ್ಲ’ ಅಂತ ಹೇಳಿ ಪ್ಯಾಕೇಜು ಕೊಡುವುದಿಲ್ಲ. ಮೆಷಿನ್ನಿನ ಪ್ರಕಾರ ಆ ಫೈಲು ಭವಿಷ್ಯದಿಂದ ಬಂದದ್ದು. ನೆಟ್ವರ್ಕು, ಮಿರರ್ರು ಅಂತ ಅಲೆಯುವ ಮುಂಚೆ ಗಡಿಯಾರ ನೋಡಿ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ, ಆಗಲೇ ಕಾಫಿ ವಾಸನೆ ಬರುತ್ತಿದೆ. ಡಿಸ್ಕು ಬಯಾಸ್‌ಗೆ ಕಾಣುತ್ತದೆ, ಇನ್‌ಸ್ಟಾಲರಿಗೆ ಕಾಣುವುದಿಲ್ಲ ಎಂದರೆ ಹಿಂದೆ ಅದು ಯಾವುದೋ ರೇಡ್ ಜೋಡಿಯಲ್ಲಿ (ಹಲವು ಡಿಸ್ಕುಗಳನ್ನು ಒಂದಾಗಿ ಓಡಿಸುವ ಏರ್ಪಾಡು) ಇದ್ದಿರಬಹುದು, ಅದರ ಗುರುತು ಇನ್ನೂ ಉಳಿದಿದೆ. ಎಂಬಿಆರ್ ಬದಲಿಗೆ ಬಂದ ಜಿಪಿಟಿ ಪಾರ್ಟಿಷನ್ ಪಟ್ಟಿಯ ಒಂದು ಪ್ರತಿ ಡಿಸ್ಕಿನ ಬಾಲದಲ್ಲೂ ಇರುತ್ತದೆ, ಮುಂದಿನದನ್ನು ಅಳಿಸಿದರೂ ಹಿಂದಿನದು ಬಂದು ಕಾಡುತ್ತದೆ. ವೈಪ್‌ಎಫ್‌ಎಸ್ ಆಜ್ಞೆ ಇಂಥ ಹಳೆ ನೆಂಟಸ್ತಿಕೆಗಳನ್ನು ಮೊದಲು ಪಟ್ಟಿಮಾಡಿ ತೋರಿಸುತ್ತದೆ, ಹೇಳಿದರೆ ಮಾತ್ರ ಅಳಿಸುತ್ತದೆ. ಹಳೆಯ ಪಾರ್ಟಿಷನ್ನುಗಳು 63ನೇ ಸೆಕ್ಟರಿನಿಂದ ಶುರುವಾಗುತ್ತವೆ. ಮುಂದೆ ಉಳಿಯುವುದು 62 ಸೆಕ್ಟರು, 31 ಕೆಬಿ. ಗ್ರಬ್ 2 ತನ್ನ ದೇಹವನ್ನು ಅಲ್ಲೇ ಮಡಚಿ ತುರುಕಬೇಕು, ಎಲ್‌ವಿಎಂ (ಪಾಲುಗಳನ್ನು ಹಿಗ್ಗಿಸಿ ಕುಗ್ಗಿಸುವ ಏರ್ಪಾಡು), ರೇಡ್ ಎಲ್ಲ ಸೇರಿದರೆ ಹಿಡಿಸುವುದಿಲ್ಲ ಅನ್ನುತ್ತದೆ. 2048ನೇ ಸೆಕ್ಟರಿನಿಂದ ಶುರುಮಾಡಿದರೆ ಈ ಜಗಳವಿಲ್ಲ. ಹಳೆಯ ಕರ್ನಲ್ಲುಗಳಲ್ಲಿ ಐಡಿಇ ಡಿಸ್ಕಿನ ಹೆಸರು ಎಚ್‌ಡಿಎ, ಆಮೇಲಿನವುಗಳಲ್ಲಿ ಎಸ್‌ಡಿಎ. ಯಾವ ಪಾಲು ಎಲ್ಲಿ ಅಂತ ಬರೆದಿಡುವ ಹಳೆಯ ಎಫ್‌ಸ್ಟ್ಯಾಬ್ ಫೈಲನ್ನು ಹಾಗೇ ಉಳಿಸಿಕೊಂಡವರು ರೂಟ್ ಪಾರ್ಟಿಷನ್ ಸಿಗುತ್ತಿಲ್ಲ ಅಂತ ಕೂರುತ್ತಾರೆ. ಹೆಸರು ಬಿಟ್ಟು ಪಾಲಿನ ಸ್ವಂತ ಗುರುತು ಸಂಖ್ಯೆ ಯುಯುಐಡಿ ಬರೆಯಿರಿ.

ಬಿಎಸ್‌ಡಿ ಬಗ್ಗೆ ಕೇಳಿದರು. 32 ಬಿಟ್ ಮೆಷಿನ್ನಿಗೆ ಹೊಸದಾಗಿ ಏನು ಹಾಕಲಿ ಅಂತ ಕೇಳಿದರೆ ಇವತ್ತು ನಾನು ನೆಟ್‌ಬಿಎಸ್‌ಡಿ ಕಡೆ ಕೈ ತೋರಿಸುತ್ತೇನೆ. 2025ರಲ್ಲಿ ಬಂದ ಡೆಬಿಯನ್ 13 ಹಳೆಯ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು, 12ರದ್ದೇ ಕೊನೆಯದು. ಬಿಎಸ್‌ಡಿಗಳಲ್ಲಿ ಎಡವುವುದು ಡಿಸ್ಕ್‌ಲೇಬಲ್ಲಿನಲ್ಲಿ. ಎಂಬಿಆರ್‌ನ ಒಂದು ಪಾರ್ಟಿಷನ್ನನ್ನು ಜಮೀನಿನಂತೆ ತೆಗೆದುಕೊಂಡು ಅದರೊಳಗೆ ಎ, ಬಿ, ಸಿ ಅಂತ ತಮ್ಮದೇ ಪಾಲು ಮಾಡುತ್ತವೆ. ಓಪನ್‌ಬಿಎಸ್‌ಡಿಯಲ್ಲಿ ‘ಸಿ’ ಅಂದರೆ ಪಾಲಲ್ಲ, ಇಡೀ ಡಿಸ್ಕು. ಪಿಸಿಯ ನೆಟ್‌ಬಿಎಸ್‌ಡಿಯಲ್ಲಿ ಇಡೀ ಡಿಸ್ಕು ‘ಡಿ’. ಇಷ್ಟು ದೊಡ್ಡದು ಖಾಲಿ ಬಿದ್ದಿದೆಯಲ್ಲ ಅಂತ ಅದರ ಮೇಲೆ ಫಾರ್ಮ್ಯಾಟ್ ಹೊಡೆದವರ ಕಥೆ ನನಗೆ ಗೊತ್ತು. ಅದು ಯಾರೆಂದು ಕೇಳಬೇಡಿ.

ಯಜಮಾನರ ಮಳೆ ಲೆಕ್ಕ? ನಕಲಿನಿಂದ ಫೈಲು ತೆಗೆದು ಹೊಸ ಡಿಸ್ಕಿಗೆ ಹಾಕಿದೆ. ಅಂಕಿಗಳೆಲ್ಲ ಸ್ಪಷ್ಟ. ಪಕ್ಕದಲ್ಲಿ ರೈಟರ್ ಬರೆದಿದ್ದ ಕನ್ನಡದ ಟಿಪ್ಪಣಿಗಳು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕೆಟ್ಟದ್ದಲ್ಲ ಅದು, ಹಳೆಯ ನುಡಿ ಫಾಂಟಿನ ಬರಹ. ಯುನಿಕೋಡಿಗೆ ಮುಂಚಿನ ಪದ್ಧತಿಯಲ್ಲಿ ಅಕ್ಷರ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ, ಫೈಲಿನೊಳಗೆ ಇರುವುದು ಬೇರೆಯದೇ ಸಂಕೇತ. ಪರಿವರ್ತಕದಲ್ಲಿ ಹಾಕಿ ತಿರುಗಿಸಿದೆ. ‘ಹೂಮಳೆ ಸಾಲದು’, ‘ಸೇತುವೆ ಮೇಲೆ ನೀರು’, ‘ಕಣದಲ್ಲಿದ್ದ ಕಾಫಿ ನೆನೆಯಿತು’. ಕೊನೆಗೆ ಆ 11 ಸೆಕ್ಟರು: ಹತ್ತು ಯಾವುದೋ ವಿಂಡೋಸ್ ಫೈಲಿನವು, ಯಾರಿಗೂ ಬೇಡದ್ದು. ಒಂದು ಮಾತ್ರ ಮಳೆ ಲೆಕ್ಕದೊಳಗೆ, ಒಂದು ಜುಲೈಯ ಒಂಬತ್ತು ದಿನ ಇಲ್ಲ. ಯಜಮಾನರಿಗೆ ಹೆದರಿಕೊಂಡೇ ಹೇಳಿದೆ. ಅವರು ಕನ್ನಡಕ ಏರಿಸಿ, ‘ಆ ವಾರ ಅಪ್ಪ ಆಸ್ಪತ್ರೆಯಲ್ಲಿದ್ರು. ಮಾಪಕ ನೋಡಿದವರು ಯಾರೂ ಇಲ್ಲ. ರೈಟರ್ ಹೇಗೂ ಅಂದಾಜಿಗೆ ಬರ್ದಿದ್ದ’ ಅಂದರು.

ಕೊನೆಯ ಪ್ರಶ್ನೆ. ಹಿಂದೆ ಕೂತ ಅಕ್ಕ ಕೇಳಿದರು, ಇಷ್ಟೆಲ್ಲ ಯಾಕೆ, ಐಡಿಇಯಿಂದ ಸಾಟಾಗೆ ಅಡಾಪ್ಟರ್ ಹಾಕಿ ಚಿಕ್ಕದೊಂದು ಎಸ್‌ಎಸ್‌ಡಿ ಸಿಕ್ಕಿಸಿದರಾಗದೇ? ಧಾರಾಳವಾಗಿ ಆಗುತ್ತದೆ ಅಕ್ಕಾ, ನಾನೂ ಈಗ ಹಾಗೇ ಮಾಡುವುದು. ಟಿಕ್ ಟಿಕ್ ಇಲ್ಲ, ತೇವದ ಭಯ ಕಡಿಮೆ. ಆದರೆ 120 ಜಿಬಿ ಎಸ್‌ಎಸ್‌ಡಿ ಹಾಕಿದರೂ ಆ ಬಯಾಸ್‌ನ ಕಣ್ಣು 8.4ರಲ್ಲೇ ನಿಲ್ಲುತ್ತದೆ, ಮುಂದಿನ ಬೂಟ್ ಪಾರ್ಟಿಷನ್ ಅದಕ್ಕೂ ಬೇಕು. ಹಳೆ ಡಿಸ್ಕಿನಿಂದ ಎತ್ತಬೇಕಾದದ್ದನ್ನು ಎತ್ತಲು ಅದನ್ನು ಒಮ್ಮೆಯಾದರೂ ತಿರುಗಿಸಲೇಬೇಕು.

ಅವರು ಚೀಲದಿಂದ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಡಿಸ್ಕು ತೆಗೆದರು. ‘ಇದು ಮೂರು ಕಡೆ ತೋರಿಸಿ ಆಯ್ತು, ಸತ್ತಿದೆ ಅಂದ್ರು’ ಎಂದರು. ಮೊಬೈಲಿನ ಟಾರ್ಚು ಹಿಡಿದು ಹಿಂಬದಿ ನೋಡಿದೆವು. ಮೇಲಿನ ಸಾಲಿನ ಎಡದಿಂದ ಮೂರನೇ ಪಿನ್ನು ಬಗ್ಗಿ ಪಕ್ಕದ ಪಿನ್ನಿಗೆ ಒರಗಿತ್ತು. ಯಾರೋ ಕೇಬಲ್ಲನ್ನು ಓರೆಯಾಗಿ ಒತ್ತಿದ್ದರು. ಸಭಾಂಗಣದ ಕಾವಲುಗಾರರ ಹತ್ತಿರ ಚಿಮಟ ಇದೆಯಾ ಅಂತ ಕೇಳಲು ಒಬ್ಬ ಹುಡುಗ ಓಡಿದ.